ನೆರೆ ಬಂದರೆ, ಯಾವ ನೆರೆ?

ಫೆಬ್ರವರಿ ೩೧, ೨೨೪೭
ಕವಲಿ ನದಿಯ ನಡುಗಡ್ಡೆ

ಓಡಿ! ನೆರೆ ಬಂತು! ಮಕ್ಕಳನ್ನು ಎತ್ತಿಕೊಂಡು ಓಡಿ!

ಎದ್ದಿರಾ? ಕೂತುಕೊಳ್ಳಿ. ಸುಳ್ಳು ಹೇಳಿದೆ. ಬಂದದ್ದು ನೆರೆಮನೆಯ ಬೆಕ್ಕು. ಅದೂ ನೆರೆಯೇ ತಾನೆ? ಈ ಒಂದು ಪದವನ್ನು ತಿರುಚಿ ಜನರನ್ನು ನಗಿಸುತ್ತಾ ಬದುಕಿದವನು ನಾನು, ಮೂಡಣ ದಡದ ಅಂಬಿಗ ಮುರಿಗೆಪ್ಪ. ಈಗ ಅದೇ ಪದ ಆಡಲು ಹೆದರುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಇನ್ನೂರು ವರ್ಷದ ಹಿಂದೆ ಕೂತು ಇದನ್ನು ಓದುತ್ತಿರುವ ಮುತ್ತಜ್ಜ ಮುತ್ತಜ್ಜಿಯರೇ, ನಿಮಗಿನ್ನೂ ಇಪ್ಪತ್ತೋ ಮೂವತ್ತೋ. ನನಗೆ ಎಂಬತ್ತು ದಾಟಿದೆ. ನಿಮ್ಮ ಕಾಲಿಗೆ ಬೀಳಲೋ, ತಲೆಯ ಮೇಲೆ ಕೈಯಿಡಲೋ ತಿಳಿಯದೆ ಎರಡನ್ನೂ ಮಾಡಿದ್ದೇನೆಂದು ತಿಳಿಯಿರಿ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ತಾರೀಖು ನೋಡಿ ಆಗಲೇ ನಕ್ಕಿರುತ್ತೀರಿ. ಫೆಬ್ರವರಿ ಮುಗಿಯುವುದರೊಳಗೆ ಎರಡು ದಡದ ನಾಡುಗಳು ಒಪ್ಪಂದಕ್ಕೆ ಬರಬೇಕು, ಬಾರದಿದ್ದರೆ ಮತ್ತೆ ಗುಂಡು ಹಾರಿಸಬಹುದು ಎಂದು ಒಂದು ಕಾಲದಲ್ಲಿ ಮಾತಾಗಿತ್ತು. ಕೊನೆಯ ದಿನ ಬಂದರೂ ಒಪ್ಪಂದವಾಗಲಿಲ್ಲ. ಸಂಧಾನಕ್ಕೆ ಕೂತವರು ಬೇರೆ ದಾರಿ ಕಾಣದೆ ಫೆಬ್ರವರಿಯನ್ನೇ ಉದ್ದ ಮಾಡಿದರು. ಅದು ಹಾಗೇ ಉಳಿದುಬಿಟ್ಟಿತು. ನೀವು ಇಂಥದ್ದನ್ನು ಕದನವಿರಾಮ ಎನ್ನುತ್ತಿದ್ದಿರಂತೆ. ನಮ್ಮದು ಅಲ್ಪವಿರಾಮ, ವಾಕ್ಯ ಇನ್ನೂ ಮುಗಿದಿಲ್ಲ.

ಆ ಸಂಧಾನದವರನ್ನು ನಾವು ನಡುವಿನವರು ಎನ್ನುತ್ತೇವೆ. ನೇಪಾಳ, ಲಂಕೆ, ಬಂಗಾಳದ ಕಡೆಯಿಂದ ಬಂದ ನಮ್ಮ ಸುತ್ತಲಿನ ಜನ. ಅವರ ಅನ್ನ, ದೋಣಿ, ಔಷಧಿಯ ಖರ್ಚು ಸಮುದ್ರದಾಚೆಯ ಶ್ರೀಮಂತ ನಾಡುಗಳದು. ಆ ನಾಡುಗಳಿಗೆ ದೂರದವರು ಎಂದು ಹೆಸರು. ನಡುವಿನವರು ಈ ನಡುಗಡ್ಡೆಯ ಗುಡ್ಡದ ಮೇಲೆ ಕಿವಿಮನೆ ಕಟ್ಟಿದರು. ಅದಕ್ಕೆ ಗೋಡೆಯಿಲ್ಲ, ಒಳಗೆ ಬಂದೂಕಿಲ್ಲ. ಎರಡು ದಡದ ಮಾತೂ ಗಾಳಿಯಲ್ಲಿ ಬಂದು ಬೀಳುತ್ತದೆ. ಎರಡೂ ಕಡೆ ಕನ್ನಡವೇ. ಜಗಳಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ಅಲ್ಲಿ ಕೂತು ಕೇಳುವುದು ದಿಲ್‌ಮಾಯಾಳ ಕೆಲಸ. ನೇಪಾಳದವಳು, ನಮ್ಮ ಬೈಗುಳದಿಂದಲೇ ಕನ್ನಡ ಕಲಿತವಳು.

ಬೆಳಗಾದರೆ ಪಡುವಣ ದಡದ ಅಂಬಿಗಿತ್ತಿ ಬೀಬಿಜಾನ್ ದೋಣಿ ಬಿಚ್ಚುತ್ತಾ, “ಏ ಮುರಿಗ್ಯಾ, ನಿನ್ನ ದೋಣಿಗಿಂತ ನಮ್ಮ ಎಮ್ಮಿ ಚಲೋ ಈಸತೈತಿ!” ಎನ್ನಬೇಕು. ನಾನು, “ಹಂಗಾದ್ರ ಎಮ್ಮಿ ಮ್ಯಾಲೇ ಮಂದೀನ ದಾಟಸು, ದಾರ್‍ಯಾಗ ಹಾಲೂ ಸಿಗತೈತಿ!” ಎನ್ನಬೇಕು. ಇದನ್ನು ಕೇಳಿ ದಿಲ್‌ಮಾಯಾ ನೆಮ್ಮದಿಯಿಂದ ಚಹಾ ಕುಡಿಯುತ್ತಾಳೆ. ಬೈಗುಳ ನಿಂತರೆ ಅವಳಿಗೆ ಭಯ. ಹಿಂದೆ ಕೊಲೆಗಳು ನಡೆಯುವ ಮುಂಚೆ ದಡಗಳು ಹೀಗೇ ಸುಮ್ಮನಾಗಿದ್ದವು. ಅಂಥ ದಿನ ಅವಳು ಎರಡೂ ಕಡೆಯ ಹಿರಿಯರನ್ನು ಚಹಾಕ್ಕೆ ಕರೆದು, ಅವರು ಒಬ್ಬರನ್ನೊಬ್ಬರು ಬಾಯ್ತುಂಬ ಬಯ್ಯುವ ತನಕ ಬಿಡುತ್ತಿರಲಿಲ್ಲ. ನನ್ನ ಮೊಮ್ಮಗಳು ಗುಂಡಿನ ಸದ್ದು ಕೇಳದೆ ಬೆಳೆದದ್ದು ಹೀಗೆ.

ಅದೇ ತಪ್ಪಾಯಿತು. ಯುದ್ಧವೇ ಇಲ್ಲವಲ್ಲ, ಇನ್ನೇಕೆ ನೆರವು ಎಂದರು ದೂರದವರು. ನಡುವಿನವರ ಬದಲು ಅರ್ಥಪೆಟ್ಟಿಗೆ ಎಂಬ ಯಂತ್ರ ಕಳಿಸಿ ಕಿವಿಮನೆಯಲ್ಲಿ ಇಡಿಸಿದರು. ನಡುವಿನವರು ಒಬ್ಬೊಬ್ಬರಾಗಿ ಹೊರಟರು, ದಿಲ್‌ಮಾಯಾ ಮಾತ್ರ ಉಳಿದಳು. ಅದು ಒಂದು ದಡದ ಮಾತು ಕೇಳಿ, ಅದರ ಅರ್ಥವನ್ನು ಎದುರು ದಡದ ಕಾವಲಿನವರಿಗೆ ಕೂಗಿ ಹೇಳುತ್ತದೆ. ಅರ್ಥ ಉಳಿಸಲು ಹೋಗಿ ಅರ್ಥ ಕಳೆದರು. ಇದು ನಗಬೇಕಾದ ಜಾಗ. ನನಗೇ ನಗು ಬರುತ್ತಿಲ್ಲ.

ಕಳೆದ ಮಳೆಗಾಲದಲ್ಲಿ ನೀರು ಏರಿದಾಗ ನಾನು ನಮ್ಮವರಿಗೆ, “ನೆರಿ ಬಂತ್ರೋ, ಗುಡ್ಡ ಹತ್ತರಿ!” ಎಂದು ಒದರಿದೆ. ಪೆಟ್ಟಿಗೆ ಆಚೆ ದಡಕ್ಕೆ ಹೇಳಿದ್ದು, ನೆರೆನಾಡಿನವರು ಬಂದರು, ಗುಡ್ಡ ಹಿಡಿಯುತ್ತಿದ್ದಾರೆ ಎಂದು. ಹತ್ತಲು ಇರುವುದು ಈ ನಡುಗಡ್ಡೆಯ ಗುಡ್ಡವೊಂದೇ. ನಾನು ಮಕ್ಕಳನ್ನು ತುಂಬಿಕೊಂಡು ಹುಟ್ಟು ಹಾಕುತ್ತಿದ್ದರೆ ಆಚೆಯ ಬಂದೂಕುಗಳೆಲ್ಲ ನಮ್ಮತ್ತ ತಿರುಗಿದವು. ಆಗ ಗುಡ್ಡದ ತುದಿಯಿಂದ ದಿಲ್‌ಮಾಯಾ ಕಿರುಚಿದಳು: “ಬೀಬಿಯಕ್ಕಾ, ನೀರು ಬಂದೈತಿ! ಮುರಿಗಜ್ಜನ ದೋಣಿ ಮುಳುಗಾಕತ್ತೈತಿ, ನಿನ್ನ ಎಮ್ಮಿ ಕಳಸು!” ಕಾವಲಿನವನೊಬ್ಬ ನಕ್ಕ. ಬಂದೂಕುಗಳು ಇಳಿದವು. ನನ್ನ ಮೊಮ್ಮಗಳು ಆ ದೋಣಿಯಲ್ಲೇ ಇದ್ದಳು.

ನಾಳೆ ದಿಲ್‌ಮಾಯಾ ಊರಿಗೆ ಹೊರಡುತ್ತಾಳೆ. ಪೆಟ್ಟಿಗೆ ಉಳಿಯುತ್ತದೆ. ಇಂದು ಬೆಳಗ್ಗೆ ನಾನು ಎಷ್ಟು ಬಯ್ದರೂ ಬೀಬಿಜಾನ್ ತಿರುಗಿ ಬಯ್ಯಲಿಲ್ಲ. “ಯಾಕಬೇ, ಬಾಯಿಗೆ ಬೀಗ ಹಾಕೀಯೇನು?” ಎಂದೆ. “ನಮ್ಮ ಕಾವಲಿನವ್ರು ನಿಮ್ಮ ಕೂಡ ಮಾತಾಡಬ್ಯಾಡ ಅಂದಾರ,” ಎಂದು ತಲೆ ತಗ್ಗಿಸಿ ದೋಣಿ ತಿರುಗಿಸಿದಳು.

ಹಿರಿಯರೇ, ಯಾವುದೋ ಬಡನಾಡಿನ ಶಾಂತಿಕಾವಲಿಗೆ ಇನ್ನು ನೆರವು ಬೇಡ, ಅಲ್ಲಿ ಜಗಳವೇ ಇಲ್ಲ ಎಂದು ನಿಮ್ಮ ಕಾಲದಲ್ಲಿ ಯಾರಾದರೂ ಅಂದರೆ, ಯಾಕಿಲ್ಲ ಎಂದು ಕೇಳಿ. ಅಲ್ಲಿ ಕೂತು ಕಿವಿಗೊಡುತ್ತಿರುವವರು ಯಾರು ಎಂದು ಕೇಳಿ. ಅವರನ್ನು ಅಲ್ಲಿಂದ ಎಬ್ಬಿಸಬೇಡಿ.

ಕೊನೆಯದಾಗಿ ಒಂದು ಮಾತು, ಇದು ತಮಾಷೆಯಲ್ಲ. ಈ ಸಂಜೆ ದಿಲ್‌ಮಾಯಾ ಗಂಟು ಕಟ್ಟುತ್ತಿದ್ದಾಗ ನಾನು ಪೆಟ್ಟಿಗೆಯ ಮುಂದೆ ಕೂತು, ಅದರ ಪದಪಟ್ಟಿ ತೆರೆದು, ನೆರೆ ಎಂಬ ಪದಕ್ಕಿದ್ದ ಒಂದು ಅರ್ಥವನ್ನು ಅಳಿಸಿಬಿಟ್ಟೆ. ಇನ್ನು ಮೇಲೆ ಅದಕ್ಕೆ ನೆರೆ ಎಂದರೆ ನೀರು ಮಾತ್ರ. ನೀರು ಬಂದರೂ ನೀರು ಎನ್ನುತ್ತದೆ, ನೆರೆಯವರು ಬಂದೂಕು ಹಿಡಿದು ಬಂದರೂ ನೀರು ಎನ್ನುತ್ತದೆ. ಆಗ ಎರಡೂ ದಡದವರು ಮಕ್ಕಳನ್ನು ಎತ್ತಿಕೊಂಡು ಈ ಒಂದೇ ಗುಡ್ಡಕ್ಕೆ ಓಡಿ ಬರುತ್ತಾರೆ. ಇಲ್ಲಿ ಎದುರುಬದುರು ನಿಂತ ಮೇಲೆ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಯಾರಾದರೊಬ್ಬರು ಮೊದಲು ಬಯ್ದರೆ ಸಾಕು.