ಹಿಂಬಾಗಿಲು ತೆರೆದಿದೆ

ರೀ,

ನೀವು ಹೋದ ಮೇಲೆ ಎಂಟು ತಿಂಗಳು ಡೈರಿಯಲ್ಲೇ ಬರೆದುಕೊಂಡೆ. ಇವತ್ತು ಬಿಡಿ ಹಾಳೆ ತೆಗೆದುಕೊಂಡಿದ್ದೇನೆ. ಇದು ನನಗೆ ನಾನೇ ಹೇಳಿಕೊಳ್ಳುವ ವಿಷಯವಲ್ಲ, ನಿಮಗೇ ಹೇಳಬೇಕಾದದ್ದು. ಕೇಳಬೇಕಾದದ್ದೂ ಇದೆ. ಹಾಳೆಗೆ ಗೆರೆಯಿಲ್ಲ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿ.

ಮೊದಲು ಪೆಟ್ಟಿಗೆಯ ವಿಷಯ ಹೇಳುತ್ತೇನೆ. ಹೋದ ತಿಂಗಳು ಮಗಳು ಒಂದು ಪೆಟ್ಟಿಗೆ ಕಳಿಸಿದಳು. ಮನೆ ಕಾಯುವ ಸೆಟ್ಟಂತೆ. ಬಾಗಿಲು ಕಿಟಕಿಗೆ ಅಂಟಿಸುವ ನಾಲ್ಕು ಸೆನ್ಸರ್, ಒಂದು ಕ್ಯಾಮೆರಾ, ಯಾರಾದರೂ ಓಡಾಡಿದರೆ ಕಂಡುಹಿಡಿಯುವ ಬಿಳಿ ಡಬ್ಬಿ, ಕಿವಿ ಕಿತ್ತುಹೋಗುವಂಥ ಸೈರನ್. ಕೆಲಸದವರು ಬೇಕಿಲ್ಲ, ನೀವೇ ಕೂರಿಸಿಕೊಳ್ಳಿ ಎಂದು ಜೊತೆಗಿದ್ದ ಪುಸ್ತಕದಲ್ಲಿ ಬರೆದಿತ್ತು. ಬೀಗ ರಿಪೇರಿಯವರ ಮನೆಗೆ ಅಂಟಿನ ಪಟ್ಟಿಯಿಂದ ಕಾವಲು. ನೀವಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. "ಬೀಗ ಇರೋದು ಕಳ್ಳನಿಗಲ್ಲ ಕಣೇ, ನಮ್ಮ ನಿದ್ದೆಗೆ," ಎನ್ನುತ್ತಿದ್ದಿರಲ್ಲ.

ಬೇಡ ಎಂದೆ. ಅವಳು ಬಿಡಲಿಲ್ಲ. "ಒಂದು ತಿಂಗಳು ಇಟ್ಟು ನೋಡಮ್ಮ. ಹಿಡಿಸ್ಲಿಲ್ಲ ಅಂದ್ರೆ ವಾಪಸ್ ತಗೋತಾರೆ. ಹೇಗೂ ದಿನಾ ಬರೀತೀಯಲ್ಲ, ಇದರದ್ದೂ ಎರಡು ಸಾಲು ಬರೆದಿಡು. ನೀನು ಒಬ್ಬಳೇ ಬಿದ್ದಿದ್ರೆ ನನಗೆ ಯಾರು ಹೇಳ್ತಾರೆ?" ಆ ಮಾತಿಗೆ ನಾನು ಸೋತೆ. ಏಕೆಂದರೆ ನೀವು ಒಬ್ಬರೇ ಬಿದ್ದಿದ್ದಿರಿ. ನಾನು ಬೆಳಿಗ್ಗೆ ಮುಂಬಾಗಿಲು ಎಳೆದುಕೊಂಡು ಆಸ್ಪತ್ರೆಯ ಬಟ್ಟೆ ಕೋಣೆಗೆ ಹೋಗಿ ಹಾಸಿಗೆಯ ಬಟ್ಟೆ ಎಣಿಸುತ್ತಿದ್ದಾಗ, ನೀವು ಹಿಂದಿನ ಕೋಣೆಯಲ್ಲಿ ನಿಮ್ಮ ಕೆಲಸದ ಮೇಜಿನ ಪಕ್ಕ ಒಬ್ಬರೇ ಹೋದಿರಿ. ಯಾರೋ ಹೆಸರು ಹೇಳದವರು ಫೋನ್ ಮಾಡಿದರೆಂದು ಆಂಬುಲೆನ್ಸಿನವರು ಹೇಳಿದರು. ಹಿಂಬಾಗಿಲು ತೆರೆದಿತ್ತಂತೆ. ನಿಮ್ಮ ಅಂಗಿಯ ಗುಂಡಿ ಬಿಚ್ಚಿತ್ತು, ತಲೆಯ ಕೆಳಗೆ ದಿಂಬಿತ್ತು. ಎದೆ ನೋವು ಬಂದವರು ತಾವೇ ಬಾಗಿಲು ತೆಗೆದು, ದಿಂಬು ತಂದುಕೊಂಡು ಮಲಗಿದರೆಂದು ನಾನು ಅಂದುಕೊಂಡೆ. ಬೀದಿಯಲ್ಲಿ ಹೋಗುವ ಯಾರೋ ಪುಣ್ಯಾತ್ಮರು ಕಂಡು ಫೋನ್ ಮಾಡಿರಬೇಕು. ಡೈರಿಯಲ್ಲಿ ಎಷ್ಟು ಸಲ ಬರೆದಿದ್ದೇನೋ, "ಒಬ್ಬರೇ ಹೋದರು" ಎಂದು. ಬೇರೇನೂ ಬರೆಯಲು ತೋಚದ ದಿನವೂ ಅದೊಂದು ಸಾಲು ಇರುತ್ತಿತ್ತು.

ಅದಕ್ಕೇ ಪೆಟ್ಟಿಗೆ ಬಿಚ್ಚಿದೆ. ಡೈರಿಯಲ್ಲಿ ಹೀಗಿದೆ. ಮೊದಲ ದಿನ, ಮುಂಬಾಗಿಲಿನ ಸೆನ್ಸರ್. ಎರಡು ತುಂಡು, ಒಂದು ಬಾಗಿಲಿಗೆ, ಇನ್ನೊಂದು ಚೌಕಟ್ಟಿಗೆ. ನಡುವೆ ಒಂದು ಬೆರಳಿಗಿಂತ ಹೆಚ್ಚು ಸಂದಿ ಇರಬಾರದು. ಎರಡು ಬೆರಳು ಬಿಟ್ಟಿದ್ದೆ, ಸೈರನ್ ಹೊಡೆದುಕೊಂಡಿತು. ಎದುರು ಮನೆಯ ನಿವೃತ್ತ ಬಸ್ ಡ್ರೈವರ್ ಅರ್ಧ ಗಡ್ಡ ಹೆರೆದುಕೊಂಡಿದ್ದವರು ಸೋಪಿನ ನೊರೆ ಸಮೇತ ಓಡಿ ಬಂದರು. "ಏನಕ್ಕಾ, ಮನೆಯೊಳಗೆ ಲಾರಿ ರಿವರ್ಸ್ ಬರ್ತಿದ್ಯಾ?" ಎಂಟು ತಿಂಗಳಲ್ಲಿ ಮೊದಲ ಸಲ ನಕ್ಕೆ, ಆಮೇಲೆ ನಕ್ಕದ್ದಕ್ಕೆ ಬೇಜಾರಾಯಿತು. ಅವತ್ತೇ ಸೈರನ್ನಿನ ಬಾಯಿ ಮುಚ್ಚಿಸಿದೆ. ಸುದ್ದಿ ಮೊಬೈಲಿಗೆ ಬಂದರೆ ಸಾಕು.

ಎರಡನೆಯ ದಿನ ಎರಡು ಕಿಟಕಿ. ನಾಲ್ಕನೆಯ ಸೆನ್ಸರ್ ಉಳಿಯಿತು. ಮಗಳು ಫೋನಿನಲ್ಲಿ, "ಅದನ್ನ ಹಾಗೇ ಇಡಮ್ಮ. ಹಿಂಬಾಗಿಲಿಗೆ ಏನೂ ಬೇಡ, ಅಪ್ಪ ಕೂರಿಸಿದ ಬೀಗ ಇದೆಯಲ್ಲ," ಎಂದಳು. ಒಂದು ಸಲ ಅಲ್ಲ, ಮೂರು ಸಲ ಹೇಳಿದಳು. ನನಗೆ ಆಗಲೂ ಏನೂ ಹೊಳೆಯಲಿಲ್ಲ. ಕೊಟ್ಟ ವಸ್ತುವನ್ನು ಮೂಲೆಗೆ ಹಾಕುವ ಜಾಯಮಾನ ನನ್ನದಲ್ಲ, ನಿಮಗೆ ಗೊತ್ತು. ಐದನೆಯ ದಿನ ಅದನ್ನು ಹಿಂಬಾಗಿಲಿಗೆ ಅಂಟಿಸಿದೆ.

ಆರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ, ಕೆಲಸದ ನಡುವಿನ ಚಹಾ ಹೊತ್ತಿನಲ್ಲಿ ಮೊಬೈಲ್ ನೋಡಿದೆ. "ಹಿಂಬಾಗಿಲು ತೆರೆದಿದೆ, 11.04. ಹಿಂಬಾಗಿಲು ಮುಚ್ಚಿದೆ, 11.31."

ಸೆನ್ಸರ್ ಸಡಿಲವಾಗಿದೆ ಎಂದುಕೊಂಡೆ. ಸಂಜೆ ಕಿತ್ತು ಮತ್ತೆ ಅಂಟಿಸಿದೆ. ಏಳನೆಯ ದಿನ 11.02. ಎಂಟನೆಯ ದಿನ 11.05. ಪುಸ್ತಕದಲ್ಲಿ, ಬಿಸಿಲಿಗೆ ಬಾಗಿಲು ಹಿಗ್ಗಿದರೆ ಸುಳ್ಳು ಸುದ್ದಿ ಬರಬಹುದು ಎಂದಿತ್ತು. ಬಾಗಿಲು ಹಿಗ್ಗಬಹುದು, ಆದರೆ ದಿನಾ ಹನ್ನೊಂದಕ್ಕೇ ಹಿಗ್ಗಿ ಹನ್ನೊಂದೂವರೆಗೆ ಕುಗ್ಗುತ್ತದೆಯೇ? ಡೈರಿಯಲ್ಲಿ "ಸೆನ್ಸರ್ ಸರಿಯಿಲ್ಲ, ವಾಪಸ್ ಕಳಿಸುವುದು" ಎಂದು ಬರೆದಿಟ್ಟೆ.

ಒಂಬತ್ತನೆಯ ದಿನ ಸಂಜೆ ನಿಮ್ಮ ಕೋಣೆಗೆ ಹೋದೆ. ಮೇಜಿನ ಮೇಲೆ ನಾನು ಹೊದಿಸಿದ ಬಿಳಿ ಬಟ್ಟೆ ಹಾಗೇ ಇತ್ತು. ಹಾಗೇ ಇತ್ತು ಅನ್ನುವುದು ಬೇರೆಯವರ ಕಣ್ಣಿಗೆ. ಇಪ್ಪತ್ತೆರಡು ವರ್ಷ ದಿನಕ್ಕೆ ಮುನ್ನೂರು ಬಟ್ಟೆ ಮಡಿಸಿದವಳು ನಾನು. ಅಂಚಿನ ಹೊಲಿಗೆ ಯಾವತ್ತೂ ಕೆಳಮುಖ ಇರಬೇಕು, ಕಣ್ಣು ಮುಚ್ಚಿ ಹಾಸಿದರೂ ನನ್ನ ಕೈ ತಪ್ಪುವುದಿಲ್ಲ. ಆ ಬಟ್ಟೆಯ ಹೊಲಿಗೆ ಮೇಲ್ಮುಖವಾಗಿತ್ತು.

ಹಿಂಬಾಗಿಲಿನ ಬೀಗವನ್ನು ಎರಡು ಸಲ ಎಳೆದು ನೋಡಿದೆ. ಯಾರೋ ಬಂದು, ನಿಮ್ಮ ಮೇಜಿನ ಬಟ್ಟೆ ತೆಗೆದು, ಮತ್ತೆ ಜೋಪಾನವಾಗಿ ಹೊದಿಸಿ ಹೋಗುತ್ತಿದ್ದಾರೆ. ಮನೆಯಲ್ಲಿ ಒಂದು ಚಮಚವೂ ಕಳುವಾಗಿಲ್ಲ. ಕದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಕ್ಯಾಮೆರಾವನ್ನು ಮುಂದಿನ ಕೋಣೆಯಿಂದ ತಂದು ನಿಮ್ಮ ಗಡಿಯಾರದ ಪಕ್ಕ ಇಟ್ಟೆ. ಮರುದಿನ ಬಟ್ಟೆ ಕೋಣೆಯಲ್ಲಿ ಟವೆಲ್ ಗಂಟಿನ ಮೇಲೆ ಕೂತು ಮೊಬೈಲ್ ತೆರೆದೆ. "ಅಪರಿಚಿತ ವ್ಯಕ್ತಿ ಕಂಡುಬಂದಿದ್ದಾರೆ." ಬೆನ್ನು ಕಾಣಿಸಿತು. ಬಲ ಹೆಗಲು ಸ್ವಲ್ಪ ಕೆಳಗೆ, ಅರ ಉಜ್ಜಿ ಉಜ್ಜಿ ಇಳಿದ ಹೆಗಲು. ಕುರ್ಚಿ ಎಳೆಯುವ ಮೊದಲು ಅದರ ಬೆನ್ನಿಗೆ ಎರಡು ಸಲ ತಟ್ಟಿದ ರೀತಿ. ರೀ, ಒಂದು ಕ್ಷಣ ಅದು ನೀವೇ. ಸುಳ್ಳಲ್ಲ. ಒಂದು ಕ್ಷಣ ನನಗೆ ಆಶ್ಚರ್ಯ ಕೂಡ ಆಗಲಿಲ್ಲ, ಅಂತೂ ಬಂದರಲ್ಲ ಎನಿಸಿತು. ಆಮೇಲೆ ಆ ಮನುಷ್ಯ ಬೆಳಕಿನ ಕಡೆ ಮುಖ ತಿರುಗಿಸಿದರು.

ನಿಮ್ಮ ಅಣ್ಣ.

ಎದ್ದು ನಿಂತೆ. ನಮ್ಮ ಮೇಲ್ವಿಚಾರಕಿ, "ಏನೇ, ದೆವ್ವ ಕಂಡೋಳ ಹಾಗೆ ನಿಂತಿದ್ದೀಯ?" ಎಂದರು. ಹೂಂ ಎಂದೆ. ಹದಿನೇಳು ವರ್ಷ ನಾನು ಮುಖ ನೋಡದ ಮನುಷ್ಯ. ಅಣ್ಣ ತಮ್ಮ ಕೂಡಿ ನಡೆಸುತ್ತಿದ್ದ ಅಂಗಡಿಯಲ್ಲಿ, ಒಂದು ಗಳಿಗೆ ನೋಡಿಕೊಳ್ಳಿ ಎಂದು ಏಳು ವರ್ಷದ ಮಗಳನ್ನು ಬಿಟ್ಟು ಬಂದಿದ್ದೆ. ಭಾವ ಗಿರಾಕಿಯ ಜೊತೆ ಮಾತಿಗೆ ತಿರುಗಿದರು, ಮಗುವಿನ ಕಿರುಬೆರಳ ತುದಿ ಕೀ ಕತ್ತರಿಸುವ ಯಂತ್ರಕ್ಕೆ ಹೋಯಿತು. ಅವತ್ತು ನಾನು ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರೆದುರು ಹೇಳಿದ ಮಾತು ನಿಮಗೆ ನೆನಪಿದೆ. "ಈ ಮನುಷ್ಯ ನಮ್ಮ ಹೊಸ್ತಿಲು ತುಳಿದ ದಿನ ನಾನು ಆ ಮನೆಯಲ್ಲಿರಲ್ಲ." ಅಂಗಡಿ ಬಿಟ್ಟಿರಿ, ಮೇಜನ್ನು ಮನೆಗೆ ತಂದಿರಿ. ನನ್ನ ಮಾತು ಉಳಿಸಿದಿರಿ ಎಂದು ಹದಿನೇಳು ವರ್ಷ ನಂಬಿದ್ದೆ.

ಸಂಜೆ ಮಗಳಿಗೆ ಫೋನ್ ಮಾಡಿ, ಕ್ಯಾಮೆರಾದಲ್ಲಿ ಒಬ್ಬರನ್ನು ಕಂಡೆ ಎಂದಷ್ಟೇ ಹೇಳಿದೆ. "ಹಿಂಬಾಗಿಲಿಗೆ ಬೇಡ ಅಂದಿದ್ದೆನಲ್ಲಮ್ಮ," ಎಂದಳು. "ದೊಡ್ಡಪ್ಪನ್ನ ಏನೂ ಅನ್ಬೇಡ."

ಅವಳಿಗೆ ಗೊತ್ತಿತ್ತು. ಹತ್ತು ವರ್ಷದವಳಿದ್ದಾಗಿನಿಂದ ಗೊತ್ತಿತ್ತು. ಶಾಲೆಗೆ ರಜೆ ಬಂದಾಗಲೆಲ್ಲ ಹನ್ನೊಂದಕ್ಕೆ ಮೂವರೂ ಕೂತು ಚಹಾ ಕುಡಿಯುತ್ತಿದ್ದಿರಂತೆ. ನಾನು ಕೂಗಾಡಿದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಮುಗಿಯುವವರೆಗೂ ಕೇಳಿ, "ಬೆರಳು ನಂದಲ್ವಾಮ್ಮ? ನಾನು ಯಾವತ್ತೋ ಬಿಟ್ಬಿಟ್ಟೆ. ನೀನೇ ಇನ್ನೂ ಹಿಡ್ಕೊಂಡಿರೋದು," ಎಂದಳು. ಫೋನ್ ಇಟ್ಟು ಚಹಾಪುಡಿಯ ಡಬ್ಬಿ ತೆರೆದು ನೋಡಿದೆ.

ರೀ, ಚಹಾಪುಡಿ ಇಷ್ಟು ಬೇಗ ಹೇಗೆ ಮುಗಿಯುತ್ತೆ ಎಂದು ಎಷ್ಟು ಸಲ ಜಗಳವಾಡಿದ್ದೇನೆ. "ಕಬ್ಬಿಣದ ಕೆಲಸ, ಬಾಯಾರುತ್ತೆ," ಎನ್ನುತ್ತಿದ್ದಿರಿ. ಹಿಂಬಾಗಿಲಿನ ಚಿಲಕ ತುಕ್ಕು ಹಿಡಿದಿದೆ ಎಂದು ಕಿತ್ತು ಹೊರಗಿನಿಂದಲೂ ತೆಗೆಯುವ ಬೀಗ ಕೂರಿಸಿದಿರಿ. ನಿಮ್ಮದೊಂದು ಪದ್ಧತಿಯಿತ್ತು, ಒಂದು ಬೀಗಕ್ಕೆ ಎಷ್ಟು ಕೀ ಮಾಡಿದರೂ ಒಂದೊಂದರ ತಲೆಗೂ ಅರದಿಂದ ಗೀರು ಹಾಕುವುದು. ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಒಂದು ಗೀರಿನದು ನನ್ನದು, ಎರಡರದು ನಿಮ್ಮದು, ಮೊಳೆಗೆ ನೇತುಹಾಕಿದ್ದಕ್ಕೆ ನಾಲ್ಕು. ಮೂರು ಎಲ್ಲಿ ಎಂದು ನಾನು ಕೇಳಿದ್ದೆ. "ಉಜ್ಜುವಾಗ ಹಾಳಾಯ್ತು," ಎಂದಿರಿ. ನಿಮ್ಮ ಕೈಯಲ್ಲಿ ಕೀ ಹಾಳಾಗುವುದು ಎಂದರೆ ಮೀನು ನೀರಿನಲ್ಲಿ ಮುಳುಗಿದ ಹಾಗೆ. ಅದನ್ನೂ ನಂಬಿದೆ.

ಮರುದಿನ ರಜೆ ಹಾಕಿದೆ. ನಿಮ್ಮ ಕುರ್ಚಿಯಲ್ಲಿ ಹಿಂಬಾಗಿಲಿಗೆ ಮುಖ ಮಾಡಿ ಕೂತೆ. ಪೊಲೀಸರಿಗೆ ಹೇಳುತ್ತೇನೆ ಎನ್ನುವುದರಿಂದ ಹಿಡಿದು ಬೆಳಗಿನಿಂದ ಏನೇನೋ ಮಾತು ಜೋಡಿಸಿಟ್ಟುಕೊಂಡಿದ್ದೆ. ಹನ್ನೊಂದು ಗಂಟೆ ಮೂರು ನಿಮಿಷಕ್ಕೆ ಬೀಗ ತಿರುಗಿತು. ನೀವು ಕೂರಿಸಿದ ಬೀಗ, ಸದ್ದೇ ಇಲ್ಲ.

ಬಾಗಿಲು ತೆರೆದು ನನ್ನನ್ನು ಕಂಡವರು ಒಳಗಿಟ್ಟ ಒಂದು ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಮುದುಕರಾಗಿದ್ದಾರೆ. ಕೈಯಲ್ಲಿ ಎಣ್ಣೆಯ ಸಣ್ಣ ಡಬ್ಬಿ ಇತ್ತು. ನಾನು ಜೋಡಿಸಿಟ್ಟ ಮಾತೆಲ್ಲ ಚೆದುರಿ ಹೋಗಿ ಬಾಯಿಂದ ಬಂದದ್ದು ಇಷ್ಟೇ: "ಯಾಕೆ ಬರ್ತೀರ?"

"ಅವನ ಕೆಲಸ ಬಾಕಿ ಇತ್ತಮ್ಮ," ಎಂದರು. ಮೇಜಿನ ಕೆಳಗಿನ ಡಬ್ಬಿ ತೋರಿಸಿದರು. ಗಿರಾಕಿಗಳು ಕೊಟ್ಟು ಹೋಗಿದ್ದ ಹತ್ತೊಂಬತ್ತು ಬೀಗಗಳಲ್ಲಿ ಈಗ ನಾಲ್ಕೇ ಉಳಿದಿವೆ. ಒಂದೊಂದನ್ನೇ ಸರಿಮಾಡಿ ಅವರವರ ಮನೆಗೆ ತಲುಪಿಸಿದ್ದಾರೆ. "ಆ ಹಸಿರು ಬಾಗಿಲಿನವರ ಬೀಗ ಆಗಿಲ್ಲ ಅಂತ ಅವತ್ತು ಅದನ್ನೇ ಹೇಳ್ತಿದ್ದ."

ಅವತ್ತು ಎಂದರೆ ಯಾವತ್ತು ಎಂದು ಕೇಳುವ ಮೊದಲೇ ನನಗೆ ಗೊತ್ತಾಗಿತ್ತು. ಆದರೂ ಕೇಳಿದೆ.

ಅವರು ಹೊಸ್ತಿಲಿನಾಚೆ ನಿಂತುಕೊಂಡೇ ಹೇಳಿದರು. "ಬಾಗಿಲು ತಟ್ಟಿದೆ, ತೆಗೀಲಿಲ್ಲ. ಕೀ ಹಾಕಿ ಬಂದೆ. ಎದೆ ಹಿಡ್ಕೊಂಡು ಕೂತಿದ್ದ. ಮಲಗಿಸಿ ಗುಂಡಿ ಬಿಚ್ಚಿದೆ, ದಿಂಬು ತಂದೆ, ಫೋನ್ ಮಾಡಿದೆ. ನನ್ನ ಕೈ ಬಿಡ್ಲೇ ಇಲ್ಲ ತಾಯಿ. ಆಂಬುಲೆನ್ಸ್ ಸದ್ದು ಬೀದಿ ತಿರುವಿಗೆ ಬರೋ ಹೊತ್ತಿಗೆ ಕೈ ತಾನಾಗೇ ಸಡಿಲಾಯ್ತು. ಅವಳಿಗೆ ಗೊತ್ತಾಗ್ಬಾರ್ದು ಅಂತ ಮೊದಲಿಂದ ಹೇಳಿದ್ನಲ್ಲ, ಅದಕ್ಕೇ ಹೊರಟ್ಹೋದೆ."

ನೀವು ಒಬ್ಬರೇ ಹೋಗಲಿಲ್ಲ.

ಎಂಟು ತಿಂಗಳ ಡೈರಿ ಪೂರ್ತಿ ಸುಳ್ಳು. ನನ್ನ ಗಂಡನ ಕೊನೆಯ ಉಸಿರಿನ ಪಕ್ಕ ಇದ್ದ ಮನುಷ್ಯನನ್ನು ನನ್ನ ಮಾತೊಂದು ಹಿಂಬಾಗಿಲಿನಿಂದ ಓಡಿಸಿತ್ತು. ಅಂತ್ಯಕ್ರಿಯೆಗೂ ಅವರು ಬರಲಿಲ್ಲ ಎಂದು ನಾನು ಎಲ್ಲರ ಮುಂದೆ ಆಡಿಕೊಂಡಿದ್ದೆ. ರಸ್ತೆಯಾಚೆ ನಿಂತಿದ್ದರಂತೆ. ಮತ್ತೆ ನೀವು, ರೀ, ನನಗೆ ನೋವಾಗಬಾರದೆಂದು ಇಷ್ಟು ವರ್ಷ ದಿನಾ ನನ್ನಿಂದ ಬಚ್ಚಿಟ್ಟವರು. ಒಂದು ಸಲ, ಒಂದೇ ಒಂದು ಸಲ, "ಸಾಕು ಬಿಡೇ" ಎಂದು ಗದರಬಾರದಿತ್ತೇ? ನೀವು ಗದರಿದರೆ ನಾನು ಕೇಳದವಳೇ? ಇದನ್ನೇ ಕೇಳಬೇಕೆಂದು ಕೂತದ್ದು. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಬರೆದಿದ್ದೇನೆ. ಬಹುಶಃ ಕೇಳುತ್ತಿರಲಿಲ್ಲ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಭಾವ ಕೀಯನ್ನು ಹೊಸ್ತಿಲ ಮೇಲಿಟ್ಟು ಹೊರಟರು. ಎತ್ತಿಕೊಂಡು ನೋಡಿದೆ. ಮೂರು ಗೀರು, ಬೆರಳು ಆಡಿ ಆಡಿ ಸವೆದಿತ್ತು. ಅಂಗಳದ ಗೇಟಿನ ತನಕ ಹಿಂದೆಯೇ ಹೋದೆ. "ಇನ್ನೂ ನಾಲ್ಕು ಬೀಗ ಇದೆ ಭಾವ," ಎಂದೆ. ಕೀ ಚಾಚಿದೆ. ಅವರು ಕೀ ತೆಗೆದುಕೊಂಡರು. ನನ್ನೆದುರು ಒಳಗೆ ಮಾತ್ರ ಬರಲಿಲ್ಲ. "ರೂಢಿಯಿಲ್ಲಮ್ಮ," ಎಂದರು.

ಇವತ್ತು ಮೂವತ್ತನೆಯ ದಿನ. ಪೆಟ್ಟಿಗೆ ಇಟ್ಟುಕೊಳ್ಳುವುದೋ ಕಳಿಸುವುದೋ ಹೇಳು ಎಂದು ಮಗಳು ಕೇಳಿದ್ದಾಳೆ. ಡೈರಿಯಿಂದ ಎತ್ತಿ ಬರೆದು ಕಳಿಸಿದ್ದೇನೆ. ಸೆನ್ಸರ್ ಸರಿಯಾಗಿದೆ, ನಾನು ಅದರ ಮೇಲೆ ಹೊರಿಸಿದ ತಪ್ಪು ಅದರದ್ದಲ್ಲ. ಸೈರನ್ ಬೇಡ. ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ್ದೇನೆ, ಅಣ್ಣ ತಮ್ಮ ಕೂತಲ್ಲಿ ನನ್ನ ಕಣ್ಣೇಕೆ? ಉಳಿದದ್ದನ್ನೂ ಕಳಿಸಬಹುದು. ಹಿಂಬಾಗಿಲಿನ ಒಂದು ಸೆನ್ಸರ್ ಬಿಟ್ಟುಕೊಡುತ್ತಾರೋ ಕೇಳು, ಬಿಡಿಯಾಗಿ ಕೊಡದಿದ್ದರೆ ಪೂರ್ತಿ ಸೆಟ್ಟೇ ಇರಲಿ ಎಂದಿದ್ದೇನೆ.

ಇವತ್ತು ಬೆಳಿಗ್ಗೆ ಹೊರಡುವಾಗ ಒಲೆಯ ಪಕ್ಕ ಎರಡು ಲೋಟ ಇಟ್ಟು ಹೋಗಿದ್ದೆ. ಯಾಕೆ ಇಟ್ಟೆನೋ, ಒಂದೇ ಇಟ್ಟರೆ ಸರಿಯೆನಿಸಲಿಲ್ಲ. 11.04ಕ್ಕೆ ಮೊಬೈಲ್ ಜೇಬಿನಲ್ಲಿ ಮಿಸುಕಿತು. ಬಟ್ಟೆಯ ಎಣಿಕೆ ತಪ್ಪಿತು, ಮತ್ತೆ ಒಂದರಿಂದ ಎಣಿಸಿದೆ. ಸಂಜೆ ಬಂದು ನೋಡಿದರೆ ಎರಡೂ ಲೋಟ ತೊಳೆದು ಬೋರಲು ಹಾಕಿತ್ತು. ಎತ್ತಿ ನೋಡಿದೆ. ಎರಡರ ಒಳಗೂ ನೀರಿನ ಪಸೆ ಇತ್ತು.

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ, ಬೇಗ ಇಳಿಯುವಂತೆಯೂ ಕಾಣುವುದಿಲ್ಲ. ಆದರೆ ಇವತ್ತು ಡೈರಿಯಲ್ಲಿ ಆ ಹಳೆಯ ಸಾಲು ಬರೆಯಲಿಲ್ಲ. ನೀವಿರುವ ಕಡೆ ನೆಮ್ಮದಿಯಾಗಿರಿ. ಚಹಾಪುಡಿ ತಂದಿಟ್ಟಿದ್ದೇನೆ.

ಇಂತಿ,
ಒಂದು ಗೀರಿನ ಕೀ ಇಟ್ಟುಕೊಂಡಿರುವ ನಿಮ್ಮವಳು