ಇಂದ್ರವ್ವನ ಪಾಲಾದ ಚಿಗರಿ

೧೪ ಡಿಸೆಂಬರ್ ೨೦೦೯, ಸೋಮವಾರ. ಮುಧೋಳ.

ಇವತ್ತೂ ನಮ್ಮ ನಾಯಿ ಚಿಗರಿ ನನ್ನನ್ನು ನೋಡಿ ಏಳಲಿಲ್ಲ. ಪಕ್ಕದ ಮನೆಯ ಇಂದ್ರವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಕರೆದರೆ ಒಮ್ಮೆ ಬಾಲ ಅಲ್ಲಾಡಿಸಿ ಮತ್ತೆ ಕಣ್ಣು ಮುಚ್ಚಿತು.

"ಬ್ಯಾಸರ ಮಾಡ್ಕೋಬ್ಯಾಡ ಶೈಲವ್ವಾ, ದಿನಾ ರೊಟ್ಟಿ ಹಾಕ್ತೇನಲ್ಲ, ಅದಕ್ಕ," ಎಂದರು ಇಂದ್ರವ್ವ. ಅವರ ಆ ಕನಿಕರವನ್ನೇ ನನಗೆ ಸಹಿಸಲಾಗದು.

ಕಬ್ಬಿನ ಹಂಗಾಮು ಶುರುವಾದರೆ ಸಕ್ಕರೆ ಕಾರ್ಖಾನೆಯ ಲ್ಯಾಬಿನಿಂದ ನಾನು ಬರುವುದೇ ಕತ್ತಲಾದ ಮೇಲೆ. ನನ್ನ ಗಂಡ ಗೌರೀಶನ ನೂಲಿನ ಅಂಗಡಿ ಬನಹಟ್ಟಿಯಲ್ಲಿ, ಅವನೂ ಬರುವುದು ರಾತ್ರಿಗೇ. "ನಾ ಮೊದಲ ಹೇಳಿದ್ದೆ, ನಮ್ಮಂಥವರಿಗೆ ಬೆಕ್ಕು ಛಲೋ. ಮನ್ಯಾಗ ಯಾರೂ ಇರದಿದ್ರೂ ಅದಕ್ಕ ನಡೀತೈತಿ," ಎಂದ ಊಟಕ್ಕೆ ಕೂತಾಗ.

ನಿಜ. ಆದರೆ ಬಾಗಿಲಲ್ಲಿ ಯಾರಾದರೂ ನನಗಾಗಿ ಕಾಯಲಿ ಎಂದೇ ನಾನು ನಾಯಿಮರಿ ತಂದದ್ದು. ಅದು ಕಾಯುವುದನ್ನು ಕಲಿಯಿತು. ಇಂದ್ರವ್ವ ಸಂತೆಗೆ ಹೋದರೆ ಅವರು ಬರುವವರೆಗೂ ಗೇಟು ಬಿಟ್ಟು ಕದಲುವುದಿಲ್ಲವಂತೆ.

ಊಟವಾದ ಮೇಲೆ ಚಿಗರಿಯನ್ನೂ ಅದರ ತಟ್ಟೆಯನ್ನೂ ನಾನೇ ಒಯ್ದು ಕೊಟ್ಟೆ. "ಇನ್ನ ಮ್ಯಾಲೆ ನಿಮ್ಮಲ್ಲೇ ಇರಲಿರಿ. ನಾವೊಂದು ಬೆಕ್ಕು ತರತೇವಿ."

ಇಂದ್ರವ್ವನ ಕಣ್ಣು ತುಂಬಿತು. "ಖರೇನವಾ? ರಾತ್ರಿ ಹೆಂಗ ಮಲಗಸ್ತಿದ್ದಿ?"

"ತಾನ ಮಲಗತೈತ್ರಿ," ಎಂದೆ.

ಸುಳ್ಳು. ಎಡಗಿವಿಯ ಹಿಂದೆ ಮೆಲ್ಲಗೆ ಕೆರೆಯುತ್ತಿದ್ದರೆ ಮಾತ್ರ ಅದಕ್ಕೆ ನಿದ್ದೆ ಬರುತ್ತದೆ. ಇಷ್ಟು ಬಿಟ್ಟು ಉಳಿದದ್ದೆಲ್ಲ ಅವರಿಗೆ ಗೊತ್ತು. ಇದೊಂದಾದರೂ ನನ್ನ ಹತ್ತಿರವೇ ಇರಲಿ ಅನಿಸಿತು.

ಗೋಡೆಯಾಚೆ ಅದು ಕುಂಯ್‌ಗುಡುವುದು ಕೇಳುತ್ತಿದೆ. ಇಂದ್ರವ್ವ ಏನೇನೋ ಹೇಳಿ ರಮಿಸುತ್ತಿದ್ದಾರೆ. ಹೋಗಿ ಹೇಳಿಬಿಡಬೇಕು. ಹೇಳುತ್ತೇನೆ. ಅದು ಇನ್ನೂ ಸ್ವಲ್ಪ ಹೊತ್ತು ಅಳಲಿ.