ಇದು ಪೈಪಿನ ರಿಪೇರಿಯಲ್ಲ

ಮಹಾ ಪ್ಲಂಬರ್ ಆದ ನನ್ನ ತಮ್ಮನಿಗೆ,

ನೀನು ಗೊರಕೆ ಹೊಡೆಯುತ್ತಿರುವಾಗಲೇ ನನ್ನ ರಿಪೇರಿ ಅಂಗಡಿಗೆ ಹೊರಟಿದ್ದೇನೆ, ಗಾಲಿಕುರ್ಚಿಯಲ್ಲೇ. ಕರೆಂಟು ಕಂಬದಿಂದ ಬಿದ್ದು ಬೆನ್ನು ಮುರಿದ ಮೇಲೆ ಇವತ್ತೇ ಕೆಲಸದ ಮೊದಲ ದಿನ. ಊರಿನ ಅರ್ಧ ಮಿಕ್ಸಿಗಳು ನನ್ನ ಕೈಗಾಗಿಯೇ ಕೆಟ್ಟು ಕೂತಿವೆ.

ಹಾಸಿಗೆ ಒದ್ದೆಯಾಗುತ್ತದೆಂದು ಮಧ್ಯಾಹ್ನದ ಮೇಲೆ ನನಗೆ ನೀರು ಬಂದ್ ಮಾಡಿದೆಯಲ್ಲ, ಎಂಥ ತಲೆಯೋ ನಿನ್ನದು! ಬಂದದ್ದೇನು? ಉರಿಮೂತ್ರ, ಹಂಡೆ ನೀರು ಕಾಯಿಸುವಷ್ಟು ಜ್ವರ. ಮೇಲೆ "ಸ್ವಲ್ಪ ತಡ್ಕೋಬಾರ್ದಾ ಅಣ್ಣಾ?" ಎಂಬ ಉಪದೇಶ ಬೇರೆ. ತಡೆದುಕೊಳ್ಳಲು ಮೊದಲು ಬಂದದ್ದು ಗೊತ್ತಾಗಬೇಕಲ್ಲ, ದಡ್ಡಾ! ನಲ್ಲಿ ಸರಿಯಾಗಿಯೇ ಇದೆ. ತಲೆಯಿಂದ ಇಳಿಯುವ ವೈರು ಬೆನ್ನಿನಲ್ಲಿ ಕಟ್ಟಾಗಿದೆ. ಎಲೆಕ್ಟ್ರಿಷಿಯನ್ನಿಗೆ ಅರ್ಥವಾಗುವ ವಿಷಯ ಇದು, ವಾಷರ್ ಬದಲಿಸುವವನಿಗಲ್ಲ.

ನಾಲ್ಕು ಗಂಟೆಗೊಮ್ಮೆ ಮೂತ್ರ ತೆಗೆಯುವ ಟ್ಯೂಬು ನಾನೇ ಹಾಕಿಕೊಳ್ಳುತ್ತೇನೆ. ಹೊಟ್ಟೆ ಖಾಲಿ ಮಾಡುವ ಕೆಲಸವೂ ದಿನದಂತೆ ಬೆಳಿಗ್ಗೆ ಆರಕ್ಕೇ ಮುಗಿಯಿತು. ನನ್ನನ್ನು ನೋಡಿ ಗಡಿಯಾರವೇ ಟೈಮ್ ಸರಿಮಾಡಿಕೊಂಡಿತು.

ನೀನು ಅಟ್ಟಕ್ಕೇರಿಸಿದ್ದ ನೀರಿನ ಜಗ್ಗನ್ನು ಪೊರಕೆಯಿಂದ ಕೆಡವಿದ್ದೇನೆ. ಸಂಜೆ ಅದು ತುಂಬಿಕೊಂಡು ನನ್ನ ಮಂಚದ ಪಕ್ಕ ಇರಬೇಕು. ಹಾಸಿಗೆ ಒದ್ದೆಯಾದರೆ ನಾನೇ ಒಗೆಯುತ್ತೇನೆ.

ಪಕ್ಕದ ಮನೆಯವರು ಕೇಳಿದರೆ, ಅಣ್ಣ ಮಲಗಿದ್ದಾನೆ ಎಂದು ಎಂದಿನಂತೆ ಪಿಸುಗುಡಬೇಡ. ಕೆಲಸಕ್ಕೆ ಹೋಗಿದ್ದಾನೆ ಎಂದು ಮನೆಯ ಪೈಪು ಒಡೆದುಹೋದವನ ಹಾಗೆ ಕೂಗು.